ಸುಳ್ಳು ಫೂಟಪಟ್ಟಿ

ಉದ್ಯಮಬಾಗದ ಕೊನೇ ಶೆಡ್ಡು.
ಭರಮಣ್ಣ ತೇಗಿನ ತುಂಡಿಗೆ ಉಳಿ ಹಿಡಿದಿದ್ದ,
ಪಂಪಿನ ಅಚ್ಚು. ಮೀಸೆಗೆಲ್ಲ ಹೊಟ್ಟು.
ಚೀಲದಿಂದ ತೆಗೆದಿಟ್ಟೆ
ಅವ್ವ ಬಡಿದ ಕಟಕರೊಟ್ಟಿ:
"ಇದನ್ನ ಬೀಡಿನೊಳಗ ಎರಕಾ ಹೊಯ್ಯಬೇಕರಿ."

"ಯಾವ ಮಶೀನಿಗೆ ಕುಂದರತೈತಿ ಇದು?"
"ಯಾವುದಕ್ಕೂ ಇಲ್ಲ. ಪ್ರದರ್ಶನಕ್ಕ."
ನಗಲಿಲ್ಲ ಅವನು.
ರೊಟ್ಟಿಯ ಅಂಚಿನ ಬಿರುಕು ಎಣಿಸಿದ,
ಕಿವಿಯ ಮೇಲಿನ ಪೆನ್ಸಿಲ್ ಇಳಿಸಿದ.

"ಈ ಪಟ್ಟಿ ನೋಡವಾ, ಬಾಜಾರದಾಗ ನಡ್ಯಾಂಗಿಲ್ಲ.
ಇದರ ಇಂಚು ಕೂದಲೆಳಿಯಷ್ಟು ಉದ್ದ.
ಬೀಡು ಆರಿದ ಮ್ಯಾಲ ಕುಗ್ಗತೈತಿ.
ಮೊದಲ ಸುಳ್ಳ ಅಳೀಬೇಕು,
ಕಡೀಕ ಖರೇ ಆಗತೈತಿ."

ನಾಲ್ಕು ವರ್ಷ ಕಾಲೇಜಿನಲ್ಲಿ
ನೆರಳು, ಬೆಳಕು, ತೂಕ ಎಲ್ಲ ಬರಕೊಂಡಿದ್ದೆ.
ಇದನ್ನಲ್ಲ.

ಟಿಳಕವಾಡಿಯ ಹಾಲಿಗೆ ಬಂದ,
ಇಸ್ತ್ರಿ ಅಂಗಿ, ಉಗುರಲ್ಲಿ ಇನ್ನೂ ಅಂಟು.
ಮಂದಿ ಅರ್ಥ ಕೇಳುತ್ತಿದ್ದರು.
ಬೆಲೆಯ ಚೀಟಿ ಎರಡು ಸಲ ಓದಿದ.
ಮುಟ್ಟಬೇಡಿ ಅಂತ ನಾನೇ ಬರೆದಿದ್ದ ಹಲಗೆ ಸರಿಸಿ
ರೊಟ್ಟಿ ಹೊಳ್ಳಿಸಿದ, ಗೆಣ್ಣಿನಿಂದ ತಟ್ಟಿ
ಕಿವಿಗೊಟ್ಟ.

"ಪೊಳ್ಳಿಲ್ಲ" ಅಂದ,
ಅನಗೋಳದ ಬಸ್ಸಿಗೆ ಲಗೂನೆ ಹೊಂಟ.