ನಾಕು ಸಾಲಿನ ಜಾಗ

ಧಾರವಾಡದ ಕೋರ್ಟಿನ ಎದುರು, ಬೇವಿನ ಗಿಡದ ಬುಡಕ
ಇಪ್ಪತ್ತಾರು ವರ್ಷದಿಂದ ಮಂದಿ ಹೇಳಿದ್ದು ಬಡೀತೀನಿ.
ವಾಟ್ನಿ, ಖರೇದಿ, ಸೋಡಚೀಟಿ, ಹೆಸರು ಬದಲಿ.
ಯಾರ ದುಃಖಾನೂ ಒಂದು ಹಾಳಿ ದಾಟಿಲ್ಲ.
ಎರಡನೇ ಹಾಳಿಗೆ ಇಪ್ಪತ್ತು ರೂಪಾಯಿ ಜಾಸ್ತಿ.

ಆವತ್ತು ಬಂದವ ಸಖಿದಾದ್.
ಎತ್ತಿನಗುಡ್ಡದಾಗ ಕುಸುಬಿ ಬೆಳಿ ಮ್ಯಾಲೆ ಓದಾಕ ಬಂದವ.
ಓದು ಮುಗೀತು, ವೀಸಾ ಮುಗೀತು,
ತಿರುಗಿ ಹೋಗಬೇಕಾದ ಊರೂ ಮುಗೀತು.
ಹಿಂದ ಮಾಸೂಮಾ, ಆಕಿ ಸೆರಗಿನಾಗ ಮಗಳು ನೇಕಬಖ್ತ್.
ನಾಲಿಗಿ ಹೊರಳದ ಸಾಲಿ ಮಾಸ್ತರು ಅಕಿನ್ನ ‘ನೇತ್ರಾ’ ಅಂತಾರಂತ.
ಕನ್ನಡ ಬರ್ತಿದ್ದದ್ದು ಆ ಹುಡುಗಿಗೇ:
‘ಕಾಕಾ, ಅಲ್ಲೆ ನಮ್ಮನ್ನ ಕೊಲ್ತಾರಂತ ಬರೀಬೇಕಂತರೀ.’
ಏಳು ವರ್ಷದ ಬಾಯಾಗ
‘ನಮ್ಮನ್ನ’ ಅನ್ನೋದು ತಪ್ಪಿಲ್ಲದ ಕುಂತಿತ್ತು.

ಅರ್ಜಿ ದಿಲ್ಲಿಗೆ.
ಕಾಲಂ ಹನ್ನೊಂದು: ದೇಶ ಬಿಡಲು ಕಾರಣ.
ಕೆಳಗ ಚುಕ್ಕಿ ಚುಕ್ಕಿ ನಾಕು ಸಾಲು.

ಮೊದಲನೇದರಾಗ ಅವರು ಯಾರಂತ ಬಡಿದೆ: ಹಜಾರಾ, ಶಿಯಾ.
ಎರಡನೇದರಾಗ ಶುಕ್ರವಾರ, ಮಸೀದಿ, ಬಾಂಬು,
ಮಾಸೂಮಾನ ಅಪ್ಪ, ಅಣ್ಣ, ಅಣ್ಣನ ಗೆಳ್ಯಾ.
ಮೂರನೇದರಾಗ ರಾತ್ರೋರಾತ್ರಿ ಬಾಗಲಕ್ಕ ಹಚ್ಚಿದ ಚೀಟಿ.
‘ಚೀಟಿ ಎಲ್ಲಿ? ಲಗತ್ತಿಸಬೇಕಾಗ್ತದ.’
‘ಅವ್ವ ರೊಟ್ಟಿ ಒಲಿಯಾಗ ಹಾಕಿದ್ಲಂತ್ರೀ.
ದಾರ್‍ಯಾಗ ತಪಾಸಣಿಗೆ ಸಿಕ್ಕಿದ್ರ ಅಲ್ಲೇ ಇಳಿಸ್ತಿದ್ರಂತ.’

ಸುಟ್ಟಿದ್ದಕ್ಕ ಬದುಕ್ಯಾರ.
ಬದುಕಿದ್ದಕ್ಕ ಈಗ ಆ ಚೀಟಿ ಬೇಕಾಗ್ಯದ.

ನಾಕನೇ ಸಾಲಿಗೆ ಮಾಸೂಮಾ ತಾನಾಗೇ ಬಾಯಿ ಬಿಟ್ಟಳು.
ಭಾಳೊತ್ತು ಮಾತಾಡಿದಳು. ಒಂದು ಜಟಕಾ ಹೋತು, ಚಾ ಆರಿತು,
ವಕೀಲರೊಬ್ಬರು ಬಂದು ನಿಂತು ನೋಡಿ ಹೋದರು.
‘ಏನಂದ್ಲವ್ವಾ?’
ಹುಡುಗಿ ನೆಲ ನೋಡಿ ಅಂತು:
‘ಏನಿಲ್ಲರೀ, ಅಷ್ಟೇರೀ.’
ಚುಕ್ಕಿ ಹಂಗೇ ಬಿಟ್ಟೆ.

ಎಸ್ಪಿ ಆಫೀಸಿನ್ಯಾಗ ಒಬ್ಬರು ನಕ್ಕರಂತ:
‘ಗಂಡ ಹೆಂಡತಿ ಇಬ್ಬರೂ ಜನವರಿ ಒಂದಕ್ಕ ಹುಟ್ಟೀರೇನು?’
ಅಲ್ಲಿ ವರ್ಷ ಬ್ಯಾರೆ, ತಿಂಗಳು ಬ್ಯಾರೆ.
ದಿನ ಗೊತ್ತಿಲ್ಲದವರಿಗೆ ಪಾಸ್‌ಪೋರ್ಟಿನವ ಕೊಟ್ಟ ಹುಟ್ಟು ಅದು.
ನನಗ ನಗಿ ಬರಲಿಲ್ಲ. ನಂದು ಜೂನ್ ಒಂದು.
ಬಲಗೈ ತಲಿ ಮ್ಯಾಲಿಂದ ಎಡಗಿವಿ ಮುಟ್ಟತೈತಿ ಅಂತ
ಗುರುಪಾದಪ್ಪ ಮಾಸ್ತರು ಬರಕೊಂಡದ್ದು.

ಮೊಹರಮ್ಮಿಗೆ ಹೆಬ್ಬಳ್ಳಿಗೆ ಕರಕೊಂಡು ಹೋದೆ.
ಅಲಾಯಿ ಕುಣಿ ಸುತ್ತ ಹೆಜ್ಜಿ; ಪಂಜಾ ಹೊತ್ತವ ಕುರುಬರ ಬಾಳಪ್ಪ.
ಕರ್ಬಲಾದಾಗ ನೀರಿಗೆ ಅತ್ತ ಕೂಸಿನ ಪದ
ಜೋಳದ ರೊಟ್ಟಿ ತಿಂದ ಗಂಟಲಿನಿಂದ ಎದ್ದಿತು.
ಮಾತು ತಿಳೀದ, ಬರೇ ಹೆಸರು ತಿಳದು
ಸಖಿದಾದ್ ಎದಿ ಬಡಕೊಂಡು ಅತ್ತ.
ಮಾಸೂಮಾ ಹತ್ತರ ಬರಲಿಲ್ಲ.
ಲೈಟಿನ ಕಂಬದ ಹಿಂದ ನಿಂತು
ಆ ಬಯಲಿಂದ ಓಡಿಹೋಗಾಕ ದಾರಿ ಎಷ್ಟಂತ ಎಣಸತಿದ್ದಳು.
ಮೂರು.
ನಾ ಹುಟ್ಟಿದ ಊರು. ನಾ ಎಂದೂ ಎಣಿಸಿದ್ದಿಲ್ಲ.
ಅದು ಪುಣ್ಯೋ, ಕುರುಡೋ, ಇನ್ನೂ ತಿಳಿದಿಲ್ಲ.

ನಿಜಾಮುದ್ದೀನ್ ಗಾಡಿ ಹತ್ತಿ ಎರಡು ಸಲ ದಿಲ್ಲಿಗೆ ಹೋಗಿ ಬಂದರು.
ಒಮ್ಮೆ ತಾರೀಖು ಮುಂದಕ್ಕ, ಒಮ್ಮೆ ದುಭಾಷಿ ರಜಾ.
ಕೆಲಗೇರಿ ಮನಿ ಮಾಲಕ ಕಾಗದ ಕೇಳ್ಯಾನ, ಭಾಡಿಗಿ ಏರಿಸ್ಯಾನ.
ಅವರ ಫೋನಿನ ಸಿಮ್ಮು ನನ್ನ ಹೆಸರಿಗೆ ಐತಿ.
ಮನ್ಯಾಗ ಇವಳಿಗೆ ಹೇಳಿಲ್ಲ.

ನಿನ್ನೆ ಮತ್ತ ಹೊಸಾ ಅರ್ಜಿ.
ಕಡೀ ಪುಟ: ಇವರನ್ನು ಖುದ್ದಾಗಿ ಬಲ್ಲವರು.
ಮೂವರೂ ನನ್ನ ಕಡೆ ನೋಡಲಿಲ್ಲ,
ಮಿಷನ್ ನೋಡಿದರು.
ಹಾಳಿ ಏರಿಸಿ, ಕಾರ್ಬನ್ ಇಟ್ಟು, ನನ್ನ ಹೆಸರು ಬಡಿದೆ.
ತಂದಿ ಹೆಸರು. ವಿಳಾಸ. ಉದ್ಯೋಗ.
ಈ ಮೇಲೆ ಹೇಳಿದ್ದೆಲ್ಲಾ ಸತ್ಯ ಅಂತ ಪ್ರಮಾಣ.
ಹುಟ್ಟಿದ ದಿನಾಂಕ:
ಜೂನ್ ಒಂದು.