ಕೀಲಿ ಮತ್ತು ಕೀಲು

ಆ ತಂಪುಮನೆಗೆ ಮೂರು ಬೀಗ.
ಒಂದು ಸರಕಾರದ್ದು, ಹಿತ್ತಾಳೆ, ಮೈಮೇಲೆ ಮುದ್ರೆ.
ಒಂದು ಕಂಪನಿಯದು, ಕೀಲಿಯಿಲ್ಲ, ನಾಲ್ಕಂಕಿ.
ಮೂರನೆಯದು ನಮ್ಮದು, ಸಂತೆಯಲ್ಲಿ ಕೊಂಡದ್ದು,
ಮಳೆ ಬಿದ್ದರೆ ಮುನಿಸಿಕೊಂಡು ಬಾಯಿ ಬಿಡದು.
ಅದರ ಕೀಲಿ ನನ್ನ ಚಿತೆಂಜೆಯ ಗಂಟಿನಲ್ಲಿ.

ಉದ್ಘಾಟನೆಯ ದಿನ ರಿಬ್ಬನ್ನಿಗೆ ಕತ್ತರಿ ಇರಲಿಲ್ಲ.
ನಾನೇ ಕೊಟ್ಟೆ, ಮೀನು ಸೀಳುವ ಚಾಕು.
ಸಾಹೇಬರ ಕೈಗೆ ವಾರವೆಲ್ಲ ಉಸಿಪಾ ವಾಸನೆ ಹತ್ತಿರಬೇಕು.
"ಸಹಭಾಗಿತ್ವ" ಎಂದರು, ಹನ್ನೊಂದು ಸಲ.
ಎಣಿಸಿದ್ದು ನನ್ನ ಮೊಮ್ಮಗಳು;
ಅವಳಿಗಿನ್ನೂ ಹೊಸದು ಎಣಿಕೆ.
ಬಿಸಿಲಿನ ತಟ್ಟೆ ಹೊದಿಸಿದವರು ಅವರು,
ಜಾಗ ಕೊಟ್ಟವರು ಇವರು,
ಇಟ್ಟಿಗೆ ಹೊತ್ತವರು ಯಾರೆಂದು
ಕಾಗದದಲ್ಲಿ ಹುಡುಕಿದೆವು:
ಫಲಾನುಭವಿಗಳು.

ಸುಳ್ಳು ಹೇಳಬಾರದು, ಒಳ್ಳೆಯದೂ ಆಯಿತು.
ಮೊದಲೆಲ್ಲ ಸಂಜೆಗೆ ಸೈಕಲ್ಲಿನವನು ಬಂದು
ಮೀನಿನ ಕಣ್ಣು ನೋಡುತ್ತ ಕೂರುತ್ತಿದ್ದ,
ಮಂಜಾಗಲಿ, ಬೆಲೆ ಬೀಳಲಿ ಎಂದು.
ಈಗ ನಾವೂ ಕಾಯಬಲ್ಲೆವು. ಅವನೇ ಏಳುತ್ತಾನೆ ಮೊದಲು.

ಆದರೆ ಆ ಮನೆಗೆ ಹೊಟ್ಟೆ ದೊಡ್ಡದು.
ತುಂಬು ತುಂಬು ಎಂದಿತು.
ಬಲೆಯ ಕಣ್ಣು ಕಿರಿದಾಯಿತು:
ಮೂರು ಬೆರಳು ತೂರುತ್ತಿದ್ದಲ್ಲಿ ಒಂದು,
ಆಮೇಲೆ ಜೋಳದ ಕಾಳೂ ತೂರದು,
ಕೊನೆಗೆ ಆಸ್ಪತ್ರೆಯವರು ಬಸುರಿಯರಿಗೆ ಹಂಚಿದ
ಸೊಳ್ಳೆಪರದೆಯೇ ಸರೋವರಕ್ಕಿಳಿಯಿತು.
ಬಂದವು ಮರಿಗಳು, ಬೂದಿಯ ಹಾಗೆ,
ಬೊಗಸೆಗೆ ಸಾವಿರ.

ದಂಡೆಯ ಸಮಿತಿ ಅಳೆಯುವ ಕೆಲಸ ನನಗೊಪ್ಪಿಸಿತು.
ಮರದ ಬಿಲ್ಲೆ, ಬೆಂಕಿಪೊಟ್ಟಣದಗಲ.
ತೂರದಿದ್ದರೆ ಬಲೆ ಜಪ್ತಿ.
ಮೊದಲ ದಿನವೇ ಸಿಕ್ಕವನು ಸ್ತಾಂಬುಲಿ,
ನನ್ನ ಬೆನ್ನಿಗೆ ಬಿದ್ದ ತಮ್ಮ.
"ಅಕ್ಕಾ, ಬಿಲ್ಲೆ ನೆನೆದು ಉಬ್ಬಿದೆ" ಎಂದ, ನಕ್ಕ.
ಬಲೆ ಮಡಿಸಿ ಹೊತ್ತಾಗ ನಗಲಿಲ್ಲ.
ಅಂದಿನಿಂದ ನನ್ನ ಮನೆಯ ನ್ಸಿಮಾ ಮುಟ್ಟಲಿಲ್ಲ.

ನವೆಂಬರ್. ಸರೋವರಕ್ಕೆ ಬಾಣಂತಿತನ.
ದೋಣಿಗಳು ಮರಳಲ್ಲಿ ಮಕಾಡೆ.
ತಂಪುಮನೆಯೊಳಗೆ ಬರೀ ಚಳಿ, ಅದಕ್ಕೂ ಬಾಡಿಗೆ.
ಕಂಪನಿಯ ಮ್ವೆನಿಫುಂಬೊ ಫೋನು ಮಾಡಿದ:
ಖಾಲಿ ಬಿಟ್ಟರೆ ದಂಡ, ಹನ್ನೆರಡನೆಯ ಪುಟ.

ಆಗ ಬಂದರು ಗುದ್ದಲಿಯ ಜನ,
ತೊರೆಯಾಚೆಯ ತೋಟದವರು, ತಲೆಮೇಲೆ ಟೊಮೇಟೊ.
ಅವರ ಹುಡುಗರನ್ನು ನಾವು ಅಳಿಯನೆನ್ನುವುದಿಲ್ಲ,
ನಮ್ಮ ಮೀನನ್ನು ಅವರು ಬೈದುಕೊಂಡೇ ತಿನ್ನುತ್ತಾರೆ.
"ವಾಸನೆ ಹತ್ತೀತು" ಎಂದಳೊಬ್ಬಳು.
"ಹತ್ತಲಿ, ಸಾರಿಗೆ ಉಳಿತಾಯ" ಎಂದೆ.

ನನ್ನ ಬೀಗ ತೆಗೆದೆ.
ಮ್ವೆನಿಫುಂಬೊ ನಾಲ್ಕಂಕಿ ಹೇಳಿದ.
ಸರಕಾರದ ಕೀಲಿ ಮಾತ್ರ ತರಬೇತಿಗೆ ಹೋಗಿತ್ತು,
ಲುಂಗು ಸಾಹೇಬರ ಜೇಬಿನಲ್ಲಿ, ಜವಾಬ್ದಾರಿಯ ಕುರಿತ
ಐದು ದಿನದ ಶಿಬಿರಕ್ಕೆ.
ಬಿಸಿಲು ನೆತ್ತಿಗೇರಿತು.
ಬುಟ್ಟಿಯ ತಳದಿಂದ ಕೆಂಪು ತೊಟ್ಟಿಕ್ಕಿತು.

ಯಾರೂ ಕರೆಯದೆ ಸ್ತಾಂಬುಲಿ ಬಂದ,
ದೋಣಿ ರಿಪೇರಿಯ ಸ್ಕ್ರೂಡ್ರೈವರ್ ಹಿಡಿದು.
ಬಾಗಿಲ ಆ ಮಗ್ಗುಲಿಗೆ ಕುಕ್ಕರಗಾಲಲ್ಲಿ ಕೂತ.
ಕೀಲಿಯಿಲ್ಲದಿದ್ದರೇನು, ಕೀಲು ಇತ್ತಲ್ಲ!
ಆರು ಸ್ಕ್ರೂ. ಬಾಗಿಲು ಹಿಮ್ಮುಖವಾಗಿ ತೆರೆಯಿತು,
ಹಿತ್ತಾಳೆ ಬೀಗ ತನ್ನ ಕೊಂಡಿ ಕಚ್ಚಿಕೊಂಡೇ ಇತ್ತು,
ಕರಾರಿಗೆ ಗೀರು ಕೂಡ ಇಲ್ಲ.

ಸಂಜೆ ಸ್ಕ್ರೂ ಮತ್ತೆ ಬಿಗಿದು, ಮುಖ ನೋಡದೆ ಕೇಳಿದ:
"ಆ ಬಿಲ್ಲೆ ಕೊಡು, ಹೊಸ ಬಲೆ ಹೆಣೆಯುತ್ತಿದ್ದೇನೆ."
ಕೊಡಲಿಲ್ಲ.
"ಉಣ್ಣಲು ಬಾ, ಅಲ್ಲೇ ಅಳೆದುಕೋ" ಎಂದೆ.
"ಸಾರು ಏನು?"
"ಟೊಮೇಟೊ. ಮೀನಿಗೆ ಜನವರಿಯವರೆಗೆ ತಡೆ."
ಬೈದುಕೊಂಡೇ ಬಂದ.