ಗಂಟೆಗಿಷ್ಟು

ಟೈರ್ ಅಂಗಡಿಯ ಮೇಲಿನ ಕೋಣೆ. ಬಾಡಿಗೆ ಅಗ್ಗ,
ಯಾಕೆಂದರೆ ಹಗಲೆಲ್ಲ ಕೆಳಗೆ ಗಾಳಿ ತುಂಬುವ ಯಂತ್ರ
ಏದುಸಿರು ಬಿಡುತ್ತದೆ.
ವರ್ಲೀನ್ ಸ್ಟಿಡಮ್‌ಗೆ ಅದು ಹೊಸದಲ್ಲ.
ಹತ್ತೊಂಬತ್ತು ವರ್ಷ ಅವಳು ಕಾದದ್ದೇ ಉಸಿರನ್ನು:
ರಾತ್ರಿ ಪಾಳಿ, ಹದಿನೈದು ನಿಮಿಷಕ್ಕೊಮ್ಮೆ
ಬಾಗಿಲ ಸಂದಿಯಲ್ಲಿ ಟಾರ್ಚು,
ಹೊದಿಕೆ ಏರಿತೇ,
ಇಳಿಯಿತೇ.

ಕೇಂದ್ರ ಕೈಬದಲಾಯಿತು. ನ್ಯಾಶ್‌ವಿಲ್‌ನಿಂದ ಬಂದ ಇಸ್ತ್ರಿ ಶರ್ಟುಗಳು
ಅವಳ ಬೀಗದ ಕೈ ಎಣಿಸಿಕೊಂಡು
ಒಂದು ರಟ್ಟಿನ ಪೆಟ್ಟಿಗೆ ಕೊಟ್ಟು ಕಳಿಸಿದವು.
ಗೊತ್ತಿರೋದನ್ನೇ ಮಾರು, ಅಂದಳು ತಂಗಿ.
ಐನೂರು ಕಾರ್ಡು ಅಚ್ಚಾಯಿತು: ಸಲಹೆಗಾರ್ತಿ.
ನಾಲ್ಕು ಖರ್ಚಾಗಿವೆ,
ಒಂದು ಮೇಜಿನ ಕುಂಟು ಕಾಲಿನಡಿ.

ಗೊತ್ತಿರುವುದೇನು?
ಹಳದಿ ಹಾಳೆ ಹರಡಿ ಬರೆಯಲು ಕೂತಳು.
ಲೈಸೆನ್ಸ್ ಅರ್ಜಿಯ ನಲವತ್ತೊಂದನೇ ಪುಟದಲ್ಲಿ ಎಲ್ಲರೂ ಎಡವುತ್ತಾರೆ.
ವಿಮೆಯವರು ಹದಿನಾಲ್ಕನೇ ದಿನ ಫೋನ್ ಮಾಡಿ
ಗುಣವಾಗಿದ್ದಾನಲ್ಲ ಅನ್ನುತ್ತಾರೆ;
ಆಗ ಯಾವ ಮಾತು ಬಾಯಿಂದ ಬೀಳಬಾರದು.
ಮೂತ್ರದ ಬಟ್ಟಲು ಬೆಚ್ಚಗಿಲ್ಲದಿದ್ದರೆ ಅದು ಅವನದಲ್ಲ.
ಬೂಟಿನ ದಾರ ತೆಗೆದಿಡುವಾಗ
ಹೆಸರು ಹಿಡಿದು ಮಾತಾಡಿಸಬೇಕು.
ಓಡಿಹೋಗುವುದು ಮೊದಲ ರಾತ್ರಿಯಲ್ಲ, ಮೂರನೆಯದರಲ್ಲಿ.
ಆಮೇಲೆ ಡೆಲ್ಮರ್ ಎಂದು ಬರೆದು
ಹೊಡೆದುಹಾಕಿದಳು.
ಅದಕ್ಕೆ ಗಂಟೆಗೆಷ್ಟು?

ಮೊದಲ ಗಿರಾಕಿ ಕೋಯ್ ರಾಟ್ಲಿಫ್,
ಮೊನ್ನೆಯವರೆಗೆ ಹಳೇ ಕಾರು ಮಾರುತ್ತಿದ್ದವನು.
ಬಿಗ್ ಸ್ಯಾಂಡಿ ದಂಡೆಯಲ್ಲಿ ಮುಚ್ಚಿದ ಮೋಟೆಲು ಕೊಂಡಿದ್ದಾನೆ.
ನಲವತ್ತು ಹಾಸಿಗೆ. ನೂರಕ್ಕೆ ತೊಂಬತ್ತು ತುಂಬಿರಬೇಕು,
ದಾರಿ ಹೇಳಿ, ಅಂದ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ ಎಲ್ಲ ಕಡೆ;
ಇಲ್ಲಿ ಕಾಲು ಸಿಕ್ಕಷ್ಟೂ ಹಾಸಿಗೆ.

ಅವಳು ಮಾತಾಡದೆ ಓಡಾಡಿದಳು.
ಹಿಂಬಾಗಿಲ ಅಲಾರಮ್ಮಿನ ಬಾಯಿಗೆ ಟೇಪು.
ರಾತ್ರಿ ಇಲ್ಲಿ ಯಾರು ಕೂರ್ತಾರೆ?
ಕ್ಯಾಮೆರಾ ಇದೆಯಲ್ಲ.
ಕ್ಯಾಮೆರಾ ನೋಡುತ್ತೆ. ಎದ್ದು ಬಂದು ಅಡ್ಡ ನಿಲ್ಲುತ್ತಾ?

ಚಟಕ್ಕೂ ಚಟ್ಟಕ್ಕೂ ನಡುವೆ ಇರುವುದು ಒಂದೇ ಒತ್ತು.
ಆ ಒತ್ತು ಬೀಳದ ಹಾಗೆ ಕಾಯಲು
ಬಾಗಿಲ ಬಳಿ ಒಂದು ಕುರ್ಚಿ ಬೇಕು,
ಕುರ್ಚಿಯಲ್ಲಿ ನಿದ್ದೆಗೆಟ್ಟ ಒಬ್ಬರು
ಬೇಕು. ಒಂದು ರಾತ್ರಿ ಅವಳು
ಕಾಫಿಗೆಂದು ಎದ್ದಿದ್ದಳು. ನಾಲ್ಕೇ ನಿಮಿಷ.

ವರದಿ ಇಪ್ಪತ್ತೆರಡು ಪುಟ. ಅವನು ಓದಿದ್ದು
ಕೊನೆಯ ಪುಟದ ಮೊತ್ತ. ಚೌಕಾಸಿ ಮಾಡಿದ, ಕಾರಿನ ಹಾಗೆ.
ಕುರ್ಚಿ ಮಾತ್ರ ಹಾಕಿಸಿದ.

ಮೂರು ವಾರವಾದ ಮೇಲೆ, ರಾತ್ರಿ ಎರಡೂ ಹತ್ತು, ಫೋನು.
ಎಳೆಯ ದನಿ, ಕುರ್ಚಿಯ ಹುಡುಗನದು:
ನಿಮ್ಮ ಕಾರ್ಡು ಗೋಡೆಗೆ ಅಂಟಿಸಿತ್ತು ಮೇಡಮ್.
ಒಬ್ಬ ದಾರವಿಲ್ಲದ ಬೂಟು ಹಾಕ್ಕೊಂಡು ನಿಂತಿದಾನೆ,
ಹೋಗ್ತೀನಿ ಅಂತಾನೆ. ಏನು ಹೇಳಲಿ?
ಮೂರನೇ ರಾತ್ರಿಯಾ?
ಹೂಂ.
ಅವನ ಹೆಸರೇನು?
ಆ ಕಡೆ ಮೌನ. ಹುಡುಗ ಕೇಳಿರಲಿಲ್ಲ.
ಕೇಳು, ಅಂದಳು. ಆಮೇಲೆ ಫೋನು ಅವನ ಕೈಗೆ ಕೊಡು.

ಬೆಳಗ್ಗೆ ಕೆಳಗೆ ಯಂತ್ರ ಉಸಿರಾಡತೊಡಗಿತು.
ಲೆಕ್ಕದ ಪುಸ್ತಕ ತೆಗೆದು ಬರೆದಳು:
ಎರಡೂ ಹತ್ತರಿಂದ ಮೂರೂ ನಲವತ್ತು.
ಬೂಟು ಕಳಚಿದ, ಸದ್ಯಕ್ಕೆ.
ದರದ ಖಾನೆಯಲ್ಲಿ ಸೊನ್ನೆ ಹಾಕಿದಳು.
ಬಾಡಿಗೆಯ ತಾರೀಖು ನೆನಪಾಯಿತು.
ಸೊನ್ನೆಯನ್ನು ತಿದ್ದಿ
ಪೂರ್ತಿ ಹಣ ಬರೆದಳು.